ಮೂರು ಐತವಾರದ ರೇಡಿಯೋ

ಅಜ್ಜಪ್ಪನವರ ಮನೆಗೆ ರೇಡಿಯೋ ಬಂದಿದೆಯಂತೆ ಎಂದರೆ ಸವಣೂರಿನ ಆ ಓಣಿಯಲ್ಲಿ ಮೊದಲು ಯಾರೂ ನಂಬಲಿಲ್ಲ. ಎಪ್ಪತ್ತೈದು ದಾಟಿದ ಆ ಹಿರಿಯರು ಸಿನಿಮಾದ ಜಾಹೀರಾತು ಅಂಟಿಸಿದ ಗೋಡೆ ಕಂಡರೆ ದಾರಿಯ ಆಚೆ ಬದಿಗೆ ಸರಿದು ನಡೆಯುವವರು. "ಮಾರಿ ಕಾಣದವರ ಮಾತು ನಮ್ಮ ಮನ್ಯಾಗ ಯಾಕ?" ಎಂದು ಎಂದೋ ಒಮ್ಮೆ ಅಂದಿದ್ದರು, ಅಲ್ಲಿಗೆ ಆ ವಿಷಯ ಮುಗಿದಿತ್ತು. ಅಂಥ ಮನೆಗೆ ೧೯೫೮ರ ಚಳಿಗಾಲದಲ್ಲಿ, ಸಂಕ್ರಾಂತಿ ಇನ್ನೆರಡು ದಿನ ಇದೆ ಎನ್ನುವಾಗ, ಅವರ ಮಗ ಕರಬಸಪ್ಪ ಎದುರುಮನೆಯ ಮುಮ್ತಾಜಬೇಗಂ ಅವರ ಬ್ಯಾಟರಿ ರೇಡಿಯೋವನ್ನು ಎಳೆಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ.

ಕಾರಣ ಕರಬಸಪ್ಪನ ಒಬ್ಬನೇ ಮಗ, ಪೈಲ್ವಾನ ಗುದ್ಲೆಪ್ಪ. ಹುಬ್ಬಳ್ಳಿಯಲ್ಲಿ ಆ ಚಳಿಗಾಲ ದೊಡ್ಡ ಕುಸ್ತಿ ಪಂದ್ಯ. ಬೆಳಗಾವಿ, ಸಾಂಗಲಿ, ಕೊಲ್ಹಾಪುರದ ಕಡೆಯ ಪೈಲ್ವಾನರೆಲ್ಲ ಬಂದಿದ್ದರು. ಮೂರು ಐತವಾರ ಮಧ್ಯಾಹ್ನ ಕುಸ್ತಿ, ಕೊನೆಗೆ ಗೆದ್ದವನಿಗೆ ಬೆಳ್ಳಿಯ ಗದೆ. ಕಣದಲ್ಲಿ ನಡೆಯುವುದನ್ನೆಲ್ಲ ರೇಡಿಯೋದವರು ಅಲ್ಲೇ ಕೂತು ಹೇಳುತ್ತಾರಂತೆ ಎಂದು ಪ್ಯಾಟೆಯ ತುಂಬ ಸುದ್ದಿ.

"ಮೂರ ಐತವಾರ ಅಷ್ಟ, ಅಪ್ಪಾ," ಎಂದ ಕರಬಸಪ್ಪ. ರೇಡಿಯೋ ಇನ್ನೂ ಅವನ ಕೈಯಲ್ಲೇ ಇತ್ತು. "ನಾಕನೇದ್ದಕ್ಕ ಇದು ನಮ್ಮ ಮನ್ಯಾಗ ಇರೂದಿಲ್ಲ."

"ನೀನ ಹೋಗಿ ನೋಡಿ ಬರಬಾರದೇನು?"

"ಉಸ್ತಾದರು ಬ್ಯಾಡ ಅಂದಾರ. ಮನಿಯವರ ಮಾರಿ ಕಂಡ್ರ ಪೈಲ್ವಾನನ ಮನಸ್ಸು ಕಣದಾಗ ನಿಲ್ಲೂದಿಲ್ಲಂತ."

ಅಜ್ಜಪ್ಪ ಎದ್ದು ಬಾಗಿಲ ಕಡೆ ನಡೆದರು. "ಹಚ್ಚ್ರಿ. ನಾ ಮಾತ್ರ ಹೊರಗ ಕಟ್ಟಿ ಮ್ಯಾಲ ಕುಂದರ್ತೇನಿ. ನನಗ ಅದು ಕೇಳಸಬಾರದು."

ಊಟಕ್ಕೆ ಮೂರು ಸಲ ಕೂಗಿ ಕರೆಯಬೇಕಾದ ಮುದುಕರಿಗೆ ಕಟ್ಟೆಯ ಮೇಲೂ ರೇಡಿಯೋದ ಒಂದೊಂದು ಮಾತು ಕೇಳಿಸುತ್ತಿತ್ತು ಎನ್ನುವುದು ಆಮೇಲೆ ಗೊತ್ತಾಯಿತು. ಆಗ ಎಲ್ಲರಿಗೂ ಖುಷಿಯೇ. ಕರಬಸಪ್ಪನ ಹೆಂಡತಿ ಶಿವಬಸವ್ವ ಮಗನ ಹೆಸರು ಆಕಾಶದಲ್ಲಿ ಬರುತ್ತದಂತೆ ಎಂದು ಬಾವಿಯ ಹತ್ತಿರ ಹತ್ತು ಜನಕ್ಕೆ ಹೇಳಿ ಬಂದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ದಾನವ್ವನ ಕೈ ಮಾತ್ರ ಹಿಟ್ಟಿನ ಮೇಲೆ ನಿಂತುಬಿಟ್ಟಿತು.

ದಾನವ್ವ ಹಾನಗಲ್ಲ ಕಡೆಯ ಹುಡುಗಿ, ಮದುವೆಯಾಗಿ ಒಂದೂವರೆ ವರ್ಷ. ಅವಳ ಕುಪ್ಪಸದ ಒಳಗೆ ಆಗ ಎರಡು ಲಿಂಗಗಳಿದ್ದವು. ಒಂದು ಅವಳದು, ಬಟ್ಟೆಯಲ್ಲಿ ಕಟ್ಟಿದ್ದು. ಇನ್ನೊಂದು ಬೆಳ್ಳಿಯ ಕರಡಿಗೆಯಲ್ಲಿದ್ದದ್ದು, ಗಂಡನದು.

ಎಳ್ಳಮಾಸಿ ಹಬ್ಬದ ಮರುದಿನ ಗುದ್ಲೆಪ್ಪ ತುಪ್ಪ, ಬದಾಮಿ ಒಯ್ಯಲು ಹುಬ್ಬಳ್ಳಿಯ ತಾಲೀಮಿನ ಗರಡಿಯಿಂದ ಊರಿಗೆ ಬಂದಿದ್ದ. ಅವಳು ಮುಂಜಾನೆ ಎಮ್ಮೆ ಹಿಂಡುತ್ತಿದ್ದಾಗ ದನದ ಮನೆಗೆ ಬಂದು, ಕೊರಳಿನ ಕರಡಿಗೆ ತೆಗೆದು ಅವಳ ಮುಂದೆ ಹಿಡಿದ.

"ದಾನಿ, ಇದನ್ನ ನೀ ಇಟ್ಟಗೋ."

ಅವಳು ಕೆಚ್ಚಲಿನಿಂದ ಕೈ ತೆಗೆದಳು. "ಏನ್ ಮಾಡಾಕತ್ತೀರಿ? ಮೊದಲ ಹಾಕ್ಕೋರಿ ಅದನ್ನ."

"ಕಣದಾಗ ಮೈಮ್ಯಾಲ ದಾರ ಇರಬಾರದಂತ ಉಸ್ತಾದರು ಹೇಳ್ಯಾರ. ಹೋದ ವರ್ಷ ಹಿರೇಕೆರೂರಿನ ಪೈಲ್ವಾನನ ತಾಯತದ ದಾರದಾಗ ಎದುರಿನವನ ಕೈಬಟ್ಟು ಸಿಕ್ಕು, ಅವ ಉಸಿರುಗಟ್ಟಿ ಬಿದ್ದಿದ್ದ. ಉಸ್ತಾದರು ಕಣ್ಣಾರೆ ನೋಡ್ಯಾರ."

"ಹಂಗಾರ ಕುಸ್ತಿ ಮುಗಿಯೂತನಕ ಅವರ ಕಡೆನ ಕೊಡ್ರಿ."

"ಕೊಡಾಕ ಹೋಗಿದ್ನಿ. ಒಲ್ಲೆ ಅಂದ್ರು. 'ನಾ ಹಿಡದ್ರ ಚಲೋ ಕಾಣೂದಿಲ್ಲಪಾ, ದಿನಾ ಪೂಜಾ ಮಾಡೂ ಕೈಗೆ ಕೊಟ್ಟ ಬಾ' ಅಂದ್ರು. ತಾಲೀಮದಾಗ ಇಪ್ಪತ್ತ ಮಂದಿ ಇರ್ತೇವಿ. ದಿನಾ ತಗದು ಇಡೂದು, ಹಾಕೂದು. ಎಲ್ಲೆರ ಕಳದ್ರ?"

ಆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡದ ಮಾತು ಅದು. ಅರವತ್ತೆರಡು ವರ್ಷದ ಹಿಂದೆ ಅಜ್ಜಪ್ಪನವರ ಅಣ್ಣ ವರದಾ ಹೊಳೆಯಲ್ಲಿ ಈಜಲು ಹೋಗಿ ಲಿಂಗ ಕಳೆದುಕೊಂಡಿದ್ದ. ಮೈಮೇಲೆ ಲಿಂಗವಿಲ್ಲದೆ ನೀರೂ ಮುಟ್ಟಬಾರದೆಂದು ಊಟ ಬಿಟ್ಟು ಕೂತ. ಮಠದ ಅಯ್ಯನವರು ಬೇರೆ ಲಿಂಗ ಕಟ್ಟುತ್ತೇನೆ ಎಂದರೂ ಮನೆಯ ಹಿರಿಯರು ಒಪ್ಪಲಿಲ್ಲ. ಆರನೆಯ ದಿನ ಅವನು ತೀರಿಕೊಂಡ. ಅವನಿಗೆ ಹದಿನೆಂಟು ವರ್ಷ. ಪಕ್ಕದಲ್ಲಿ ಕೂತಿದ್ದ ಅಜ್ಜಪ್ಪನವರಿಗೆ ಹದಿನಾಲ್ಕು. ಅದಕ್ಕೇ ಮೊಮ್ಮಗ ಕುಸ್ತಿ ಕಲಿಯುತ್ತೇನೆ ಎಂದಾಗ ಅವರು ಹಾಕಿದ್ದು ಒಂದೇ ಷರತ್ತು. ಲಿಂಗ ಮೈಬಿಡಬಾರದು, ಬಿಟ್ಟವನಿಗೆ ಈ ಮನೆಯಲ್ಲಿ ತಾಟಿಲ್ಲ.

"ಅಜ್ಜಾರಿಗೆ ಗೊತ್ತಾದ್ರ?" ಎಂದು ಕೇಳಿದಳು ದಾನವ್ವ.

"ಯಾರ ಹೇಳತಾರ? ನೀ ಹೇಳೂದಿಲ್ಲ, ನಾ ಹೇಳೂದಿಲ್ಲ. ಗದಾ ತಗೊಂಡ ಬಂದ ದಿನ ಹಾಕ್ಕೋತೇನಿ." ನಗುತ್ತ ತುಪ್ಪದ ಗಡಿಗೆ ಎತ್ತಿಕೊಂಡು ಹೋದ. ಹೇಳುವವರು ಮೂರನೆಯವರೊಬ್ಬರು ಬರುತ್ತಾರೆಂದು ಪಾಪ ಅವನಿಗೇನು ಗೊತ್ತು.

ಮೊದಲ ಐತವಾರ ಮುಮ್ತಾಜಬೇಗಂ ತಾವೇ ಬಂದು ರೇಡಿಯೋದ ಕಿವಿ ತಿರುವಿದರು. ನವಾಬರ ಕಾಲದಲ್ಲಿ ಅವರ ಯಜಮಾನರು ಕಚೇರಿಯಲ್ಲಿದ್ದವರು, ರೇಡಿಯೋ ಆಗಿನದು. ಗೊರಗೊರ ಸದ್ದಿನ ನಡುವೆ ಒಬ್ಬನ ದನಿ ಬಂತು, ಜನರ ಕೂಗು ಬಂತು, ಹಲಗೆಯ ಸದ್ದು ಬಂತು. ಶಿವಬಸವ್ವ ಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚಿಟ್ಟಳು. ಬೇಗಂ ನಕ್ಕು, "ಬ್ಯಾಟರಿಗೆ ಬಿಸಿ ತಾಗತೈತಿ, ದೂರ ಇಡ್ರಿ," ಎಂದರು.

ಗುದ್ಲೆಪ್ಪ ಬೆಳಗಾವಿಯ ಕಡೆಯವನನ್ನು ಹತ್ತು ನಿಮಿಷದಲ್ಲಿ ಚಿತ್ ಮಾಡಿದ. ಕರಬಸಪ್ಪ ಎದ್ದು ನಿಂತು ಮತ್ತೆ ಕೂತ. ದಾನವ್ವ ಬಾಗಿಲ ಹಿಂದೆ ನಿಂತು ಎರಡೂ ಲಿಂಗಗಳನ್ನು ಸೆರಗಿನ ಮೇಲಿಂದ ಹಿಡಿದುಕೊಂಡಿದ್ದಳು. ರೇಡಿಯೋದವನು ಒಮ್ಮೆ ತೊಡೆ ಎಂದ, ಒಮ್ಮೆ ಭುಜ ಎಂದ. ಕೊರಳಿನ ಮಾತೆತ್ತಲಿಲ್ಲ. ಅವಳು ಸೆರಗು ಬಿಟ್ಟು ಒಲೆಯ ಕಡೆ ಹೋದಳು.

ಊಟಕ್ಕೆ ಕೂತಾಗ ಅಜ್ಜಪ್ಪ ರೊಟ್ಟಿ ಮುರಿಯುತ್ತ, "ಎಷ್ಟ ಹೊತ್ತ ಹಿಡೀತು?" ಎಂದು ಕೇಳಿದರು.

"ಏನು, ಅಪ್ಪಾ?" ಎಂದ ಕರಬಸಪ್ಪ, ಗೊತ್ತಿದ್ದೂ.

"ಏನಿಲ್ಲ. ಪಲ್ಯ ಕುದಿಯಾಕ ಎಷ್ಟ ಹೊತ್ತ ಹಿಡೀತು ಅಂದೆ."

ಮನೆಯವರೆಲ್ಲ ತಲೆ ತಗ್ಗಿಸಿ ನಕ್ಕರು. ಸಂಕ್ರಾಂತಿ ಚೆನ್ನಾಗಿಯೇ ಆಯಿತು. ಸಜ್ಜಿರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಮನೆಯ ವೀಳ್ಯದೆಲೆಯ ತೋಟದಲ್ಲಿ ಚಳಿಗೆ ಚಿಗುರು ನಿಧಾನವಾಗಿದ್ದರೂ ಇದ್ದ ಎಲೆಗಳಿಗೆ ಬೇಡಿಕೆ ಇತ್ತು. ದಾನವ್ವ ಅತ್ತೆಯ ಜೊತೆ ಕೂತು ಎಲೆ ಎಣಿಸಿ ಬಾಳೆನಾರಿನಲ್ಲಿ ಕಟ್ಟು ಕಟ್ಟಿದಳು. ಎಲ್ಲರಿಗಿಂತ ಮುಂಚೆ ಎದ್ದು, ದನದ ಮನೆಯಲ್ಲಿ ಕೂತು ಎರಡು ಸಲ ಪೂಜೆ ಮಾಡಿದಳು.

"ನಿಂದೇನ ಇಷ್ಟ ಹೊತ್ತ ಪೂಜಾ?" ಎಂದಳು ಶಿವಬಸವ್ವ. "ಚಾದ ನೀರ ಆರಿ ಹೋತು. ನಿನ್ನ ಪೂಜಾ ಮುಗಿಯೂದ್ರಾಗ ಅಯ್ಯನವರು ಮಠದಾಗ ಎರಡ ಸಲ ಉಂಡಿರ್ತಾರ."

"ಅವರ ಸಲವಾಗಿ ಮಾಡಾಕತ್ತೇನ್ರಿ, ಅತ್ತಿ."

ಅದು ಸುಳ್ಳಾಗಿರಲಿಲ್ಲ.

ಎರಡನೆಯ ಐತವಾರ ಅಜ್ಜಪ್ಪ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಒಳಗೆ ರೇಡಿಯೋದವನು ಅಂದು ಒಳ್ಳೆಯ ಹುರುಪಿನಲ್ಲಿದ್ದ. "ಸವಣೂರಿನ ಗುದ್ಲೆಪ್ಪ ಕಣಕ್ಕೆ ಇಳಿದಿದ್ದಾನೆ. ಕೆಂಪು ಲಂಗೋಟಿ. ಕೊರಳು ಬರಿದು, ತೋಳು ಬರಿದು. ಮೈಮೇಲೆ ಇನ್ನೊಂದು ದಾರವೂ ಇಲ್ಲ. ಕೆಂಪು ಮಣ್ಣಿನಲ್ಲಿ ನೆಟ್ಟ ಕಂಬದ ಹಾಗೆ ನಿಂತಿದ್ದಾನೆ."

ಕರಬಸಪ್ಪ, ಶಿವಬಸವ್ವ ಇಬ್ಬರಿಗೂ ಅದು ಹೊಗಳಿಕೆಯಾಗಿ ಕೇಳಿತು. ದಾನವ್ವ ಕಟ್ಟೆಯ ಕಡೆ ನೋಡಿದಳು. ಅಜ್ಜನ ಬೆನ್ನು ನೆಟ್ಟಗಾಗಿತ್ತು.

ಆ ದಿನವೂ ಗುದ್ಲೆಪ್ಪ ಗೆದ್ದ. ಓಣಿಯವರು ಬಂದು ಸಕ್ಕರೆ ಹಂಚಿದರು. ಅಜ್ಜಪ್ಪ ಸಕ್ಕರೆ ಮುಟ್ಟಲಿಲ್ಲ. ಊಟಕ್ಕೆ ಕೂತ ಮೇಲೆ ಎಲ್ಲರ ಮುಖ ಒಂದು ಸುತ್ತು ನೋಡಿ ಕೇಳಿದರು.

"ಕೊರಳು ಬರಿದು ಅಂದನಲ್ಲ ಅವ?"

"ರಟ್ಟಿಗೆ ಕಟಗೊಂಡಿರ್ತಾನ, ಅಪ್ಪಾ."

"ತೋಳೂ ಬರಿದು ಅಂದ."

"ಅವರು ಮಾತಿನ ಭರದಾಗ ಏನೇನೋ ಅಂತಾರ. ಮಾರಿ ಕಾಣದವರ ಮಾತು ನಂಬಬಾರದಂತ ನೀವ ಅಂದಿದ್ರಿ."

"ಅವನಿಗೆ ಸುಳ್ಳ ಹೇಳಿ ಏನ ಆಗಬೇಕಾಗೇತಿ?" ಅಜ್ಜಪ್ಪ ತಾಟು ಸರಿಸಲಿಲ್ಲ, ಧ್ವನಿ ಏರಿಸಲಿಲ್ಲ. "ಇವನ್ನ ಕುಸ್ತಿಗೆ ಬಿಟ್ಟಾವ ನಾನು. ಅವ ತಪ್ಪಿದ್ರ ಅದು ನನ್ನ ತಪ್ಪು. ಮುಂದಿನ ಐತವಾರ ಒಳಗ ಬಂದು ಕುಂತ ನಾನ ಕೇಳತೇನಿ. ಮತ್ತ ಹಂಗ ಅಂದ್ರ ಅವತ್ತಿಂದ ನನಗ ತಾಟ ಹಾಕಬ್ಯಾಡ್ರಿ. ನೀರೂ ಬ್ಯಾಡ."

"ಹಂಗಂದ್ರ ಏನ್ರಿ, ಮಾವಾರ?" ಎಂದಳು ಶಿವಬಸವ್ವ.

"ಹಂಗಂದ್ರ ಹಂಗ."

ಬೇರೆ ಮನೆಯಲ್ಲಾದರೆ ಇದನ್ನು ಮುದುಕರ ಸಿಟ್ಟು ಎಂದು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಈ ಮನೆಯಲ್ಲಿ ಆರು ದಿನದ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ.

ಮರುದಿನ ಕರಬಸಪ್ಪ ರೇಡಿಯೋ ತಿರುಗಿ ಕೊಟ್ಟುಬಿಡಲು ಎತ್ತಿಕೊಂಡ. ಅಜ್ಜಪ್ಪ ಬಾಗಿಲಲ್ಲಿ ನಿಂತಿದ್ದರು. "ಇರಲಿ ಅದು," ಎಂದರು. ಅವನು ಇಟ್ಟ. ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತ ಆ ಪೆಟ್ಟಿಗೆಯ ಪಕ್ಕದಲ್ಲಿ ಹಾಯುವಾಗ ದಾನವ್ವ ಸೆರಗು ಬಿಗಿದುಕೊಳ್ಳುತ್ತಿದ್ದಳು.

ಬುಧವಾರ ಶಿವಬಸವ್ವ ಸೊಸೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಅವಳ ಕೊರಳ ಹಿಂದೆ ಎರಡು ದಾರ ಕಂಡಳು. ಬೆರಳು ಹಾಕಿ ಎಳೆದರೆ ಮಗನ ಕರಡಿಗೆ ಹೊರಗೆ ಬಂತು.

"ಎಷ್ಟ ದಿನಾತು?"

"ಎಳ್ಳಮಾಸಿಯಿಂದ, ಅತ್ತಿ." ದಾನವ್ವ ಎಲ್ಲವನ್ನೂ ಹೇಳಿದಳು. ಹಿರೇಕೆರೂರಿನವನು ಬಿದ್ದದ್ದನ್ನೂ ಹೇಳಿದಳು.

"ನೀ ಯಾಕ ಇಸಗೊಂಡಿ? ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?"

"ಒಲ್ಲೆ ಅಂದ್ರ ಅವರು ಎಲ್ಲಿ ಇಡಬೇಕಿತ್ರಿ?"

ಶಿವಬಸವ್ವ ಬಯ್ಯುವವಳು, ಆದರೆ ಕೆಟ್ಟವಳಲ್ಲ. ಒಂದು ಕಡೆ ಮುದುಕ ಮಾವ, ಇನ್ನೊಂದು ಕಡೆ ಮಗ. ಎಣ್ಣೆಯ ಕೈ ಒರೆಸಿಕೊಂಡಳು. "ಕಳಿಸಿಬಿಡು," ಎಂದಳು ಕೊನೆಗೆ. "ಒಂದ ದಿನದ ಮಾತು. ನನ್ನ ಮಗ ಶಾಣ್ಯಾ ಅದಾನ. ರಟ್ಟಿಗೆ ಬಿಗಿದು ಕಟಗೋತಾನ. ಆ ಮುದುಕರು ಉಪವಾಸ ಕುಂತ್ರ ಏಳೂದಿಲ್ಲವ್ವ, ದಾನವ್ವ. ನಾ ಈ ಮನ್ಯಾಗ ಇಪ್ಪತ್ತೈದ ವರ್ಷ ಬಾಳೇನಿ."

ಹಳೆಯ ಶಿವದಾರ ಸವೆದು ಎಳೆ ಬಿಟ್ಟಿತ್ತು. ಇಂಥದ್ದನ್ನು ಕಟ್ಟಿಕೊಂಡು ಕಣಕ್ಕಿಳಿದರೆ ಹರಿದು ಕಳೆದೇ ಹೋಗುತ್ತದೆಂದು ದಾನವ್ವ ಹೊಸದು ಹೊಸೆದಳು. ಒಂಬತ್ತು ಎಳೆ ನೂಲು, ತೊಡೆಯ ಮೇಲಿಟ್ಟು ಹೊಸೆದು, ಮೇಣ ತಿಕ್ಕಿ, ಒಂದು ತುದಿ ಕಂಬಕ್ಕೆ ಕಟ್ಟಿ ಮೈಭಾರ ಹಾಕಿ ಜಗ್ಗಿ ನೋಡಿದಳು. ಹರಿಯಲಿಲ್ಲ. ಅವಳಿಗೆ ಸಮಾಧಾನವಾಯಿತು.

ಮುಮ್ತಾಜಬೇಗಂ ಅವರ ಮಗ ಹಯಾತ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ. ಶನಿವಾರ ಮುಂಜಾನೆ ಅವನು ಅಂಗಳಕ್ಕೆ ಬಂದು ತೊಳೆದ ಕರವಸ್ತ್ರ ಬಿಚ್ಚಿ ಹಿಡಿದ. ದಾನವ್ವ ಅದರಲ್ಲಿ ಕರಡಿಗೆ ಇಟ್ಟಳು.

"ಅವರ ಕೈಯಾಗನ ಕೊಡ್ರಿ, ಅಣ್ಣಾ. ಅಜ್ಜಾರು ರೇಡಿಯೋ ಮುಂದ ಕುಂತಿರ್ತಾರ ಅಂತ ಹೇಳ್ರಿ. ರಟ್ಟಿಗೆ ಕಟಗೋಬೇಕಂತ. ಕೊರಳಿಗೆ ಬ್ಯಾಡಂತ."

ಹಯಾತ ಓಣಿಯ ತುದಿ ಮುಟ್ಟುವಷ್ಟರಲ್ಲಿ ಶಿವಬಸವ್ವ ಹಿಂದೆ ಓಡಿ ಅವನನ್ನು ನಿಲ್ಲಿಸಿದಳು. "ಕೊರಳು ಬರಿದು ಅಂದದ್ದಕ್ಕ ಮುದುಕರು ಸಿಟ್ಟಾಗ್ಯಾರ ಅಂತ ಅವನಿಗೆ ತಿಳಿಸಿ ಹೇಳಪಾ," ಎಂದಳು. ತಾನೂ ಒಂದು ಮಾತು ಸೇರಿಸದಿದ್ದರೆ ತಾಯಿಯ ಮನಸ್ಸು ಕೇಳುವುದಿಲ್ಲ. ಅವಳು ಹೀಗೆ ಹೇಳಿದ್ದು ದಾನವ್ವನಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಮೂರನೆಯ ಐತವಾರ ಅಜ್ಜಪ್ಪ ಮಡಿ ಧೋತರ ಉಟ್ಟು, ವಿಭೂತಿ ಹಚ್ಚಿ, ರೇಡಿಯೋದ ಮುಂದೆ ಮಣೆ ಹಾಕಿಕೊಂಡು ಕೂತರು. ಮುಂಜಾನೆಯಿಂದ ನೀರು ಕುಡಿದಿರಲಿಲ್ಲ. ಕುಡಿಯುವುದೋ ಬಿಡುವುದೋ ರೇಡಿಯೋ ಹೇಳಲಿ ಎನ್ನುವ ಹಾಗಿತ್ತು ಅವರ ಮುಖ. ಬೇಗಂ ಕಿವಿ ತಿರುವಿ, ಸದ್ದಿಲ್ಲದೆ ಗೋಡೆಗೆ ಸರಿದು ಕೂತರು.

"ಕಣದಲ್ಲಿ ಸಣ್ಣ ಮಾತುಕತೆ ನಡೆದಿದೆ," ಎಂದಿತು ರೇಡಿಯೋ. "ಗುದ್ಲೆಪ್ಪನ ಕೊರಳಲ್ಲಿ ಇಂದು ಲಿಂಗದ ಕರಡಿಗೆ ಇದೆ. ಪಂಚರು ತೆಗೆದಿಡಲು ಹೇಳುತ್ತಿದ್ದಾರೆ. ಅವನ ಉಸ್ತಾದರೂ ಕೈಮುಗಿದು ಹೇಳುತ್ತಿದ್ದಾರೆ. ಗುದ್ಲೆಪ್ಪ ಒಪ್ಪುತ್ತಿಲ್ಲ. ತಲೆ ಅಲ್ಲಾಡಿಸುತ್ತಿದ್ದಾನೆ. ಜನ ಹರಹರ ಎನ್ನುತ್ತಿದ್ದಾರೆ. ಸಾಂಗಲಿಯ ಪೈಲ್ವಾನ ತನ್ನದೇನೂ ತಕರಾರಿಲ್ಲ ಎಂದಿದ್ದಾನೆ. ಪಂಚರು ಬಿಟ್ಟುಕೊಟ್ಟಿದ್ದಾರೆ."

ಅಜ್ಜಪ್ಪನವರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಆ ಮನೆ ಅಂಥ ನಗೆ ಕಂಡಿರಲಿಲ್ಲ. "ಕೇಳಿದ್ರೇನು?" ಎಂದು ಮಗನ ತೊಡೆ ತಟ್ಟಿದರು. "ಪಂಚರು ಹೇಳಿದ್ರೂ ತಗೀಲಿಲ್ಲ. ನನ್ನ ಮೊಮ್ಮಗ. ತಂಗಿ ದಾನವ್ವ, ಒಂದ ತಂಬಿಗಿ ನೀರ ತಾ."

ದಾನವ್ವ ನೀರು ತಂದಳು. ಕೊರಳಲ್ಲಿ ಎಂದದ್ದು ಅವಳ ಕಿವಿಯಲ್ಲೇ ನಿಂತಿತ್ತು. ಅಜ್ಜ ಗಟಗಟ ಕುಡಿಯುವುದನ್ನು ನೋಡುತ್ತ ನಿಂತಳು. ಒಂಬತ್ತು ಎಳೆ, ಮೇಣ ತಿಕ್ಕಿದ್ದು. ತಾನೇ ಜಗ್ಗಿ ನೋಡಿದ್ದು.

ಮೊದಲ ಹತ್ತು ನಿಮಿಷ ಗುದ್ಲೆಪ್ಪನದೇ ಮೇಲುಗೈ. ಕರಬಸಪ್ಪ ಮುಷ್ಟಿ ಬಿಗಿದು ನೆಲ ಗುದ್ದುತ್ತಿದ್ದ. ಆಮೇಲೆ ರೇಡಿಯೋದವನ ಮಾತು ಅವಸರವಾಯಿತು. "ಸಾಂಗಲಿಯವ ಹಿಂದಿನಿಂದ ಹಿಡಿದಿದ್ದಾನೆ. ಗುದ್ಲೆಪ್ಪ ಹೊರಳುತ್ತಿದ್ದಾನೆ. ಮತ್ತೆ ಹೊರಳಿದ. ಸಾಂಗಲಿಯವನ ಕೈ ಏನಕ್ಕೋ ಸಿಕ್ಕಿಕೊಂಡಂತಿದೆ. ಬಿಡಿಸಿಕೊಳ್ಳಲು ಎಳೆಯುತ್ತಿದ್ದಾನೆ. ಇಬ್ಬರೂ ಬಿದ್ದರು. ಪಂಚರು ಓಡಿ ಬಂದಿದ್ದಾರೆ. ಕತ್ತರಿ ಕೇಳುತ್ತಿದ್ದಾರೆ." ಜನರ ಕೂಗು ಒಮ್ಮೆಲೆ ನಿಂತಿತು. "ಗುದ್ಲೆಪ್ಪ ಏಳುತ್ತಿಲ್ಲ."

ಪಡಸಾಲೆಯಲ್ಲಿ ಗೊರಗೊರ ಸದ್ದೊಂದೇ ಉಳಿಯಿತು.

"ಏಳತಾನ," ಎಂದರು ಅಜ್ಜಪ್ಪ. "ಲಿಂಗ ಮೈಮ್ಯಾಲೈತಿ. ಏನೂ ಆಗೂದಿಲ್ಲ."

ರೇಡಿಯೋ ಮತ್ತೆ ಮಾತಾಡಿದಾಗ ಅವನನ್ನು ದವಾಖಾನೆಗೆ ಒಯ್ದರು ಎಂದಷ್ಟೇ ಹೇಳಿ, ಗದೆ ಯಾರಿಗೆ ಎಂಬ ಮಾತಿಗೆ ಹೋಯಿತು. ಶಿವಬಸವ್ವ ಎದೆ ಬಡಿದುಕೊಂಡು ಅಳತೊಡಗಿದಳು. ಬೇಗಂ ಎದ್ದು ರೇಡಿಯೋ ಬಂದ್ ಮಾಡಿದರು. ಕರಬಸಪ್ಪ ರುಮಾಲು ಸುತ್ತಿಕೊಳ್ಳುತ್ತಲೇ ಬಸ್ಸಿಗೆ ಓಡಿದ.

ಸೋಮವಾರ ಏನೂ ಸುದ್ದಿ ಬರಲಿಲ್ಲ. ಮಂಗಳವಾರ ಮುಂಜಾನೆಯ ಬಸ್ಸಿಗೆ ಉಸ್ತಾದ ಅಕ್ಬರಸಾಬ ಬಂದರು. ಐವತ್ತರ ಕಟ್ಟುಮಸ್ತು ಮನುಷ್ಯ, ಎರಡು ದಿನದಲ್ಲಿ ಮುದುಕನಾಗಿದ್ದರು. ಬೆರಳ ಸಂದಿಯಲ್ಲೆಲ್ಲ ಕೆಂಪು ಮಣ್ಣು. ಹೊಸ ಬಟ್ಟೆಯಲ್ಲಿ ಸುತ್ತಿದ್ದನ್ನು ಅಜ್ಜಪ್ಪನವರ ಮುಂದೆ ಇಟ್ಟು ದೂರ ಸರಿದು ಕೂತರು. ಬಿಚ್ಚಿದರೆ ಕರಡಿಗೆ. ಮುಚ್ಚಳ ಕಿತ್ತಿತ್ತು. ಒಳಗೆ ಏನೂ ಇರಲಿಲ್ಲ.

"ದಾರ ಹರೀಲೇ ಇಲ್ರಿ," ಎಂದರು ಅಕ್ಬರಸಾಬ. "ಹರದಿದ್ರ ಇಷ್ಟ ಆಗತಿದ್ದಿಲ್ಲ. ಕತ್ತರಿಸೂದ್ರಾಗ ಡಬ್ಬಿ ಬಾಯಿ ಬಿಟ್ಟು ಒಳಗಿಂದು ಮಣ್ಣಾಗ ಬಿತ್ತು. ಇಪ್ಪತ್ತ ಮಂದಿ ಸೇರಿ ಇಡೀ ಕಣದ ಮಣ್ಣ ಸಾಣಿಸೇವಿ. ಸಿಗವಲ್ದು."

ದಾನವ್ವ ತನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಅವರು?" ಎಂದಳು.

"ಜೀವ ಐತವ್ವ. ಗಂಟಲ ಬಾತೈತಿ, ಬಲಗೈ ಇನ್ನೂ ಏಳವಲ್ದು. ಡಾಕ್ಟರು ಉಳೀತಾನ ಅಂತಾರ. ಆದ್ರ ಅವ ಬಾಯಿ ತಗೀವಲ್ಲ. ಕೊರಳ ಮುಟ್ಟಿ ನೋಡಿಕೊಂಡಾವ ಹಲ್ಲ ಬಿಗಿದಾನ. ಐತವಾರದಿಂದ ಒಂದ ಹನಿ ನೀರ ಒಳಗ ಹೋಗಿಲ್ಲ. ಕೈಗೆ ಸೂಜಿ ಚುಚ್ಚಿ ಏರಿಸಿದ್ದನ್ನ ಎಡಗೈಲೆ ಕಿತ್ತ ಒಗದಾನ. ಅವರಪ್ಪ ಕಾಲ ಹಿಡಕೊಂಡ್ರೂ ಕೇಳಲಿಲ್ಲ." ಅವರು ಅಜ್ಜಪ್ಪನವರ ಕಡೆ ತಿರುಗಿದರು. "ನೀವ ಬರಬೇಕ್ರಿ, ಅಜ್ಜಾರ. ನಿಮ್ಮ ಮಾತ ಒಂದ ಅವನಿಗೆ ಮುಟ್ಟತೈತಿ."

ಅಜ್ಜಪ್ಪ ಖಾಲಿ ಕರಡಿಗೆಯನ್ನು ಕೈಯಲ್ಲಿ ಹಿಡಿದು ಕೂತೇ ಇದ್ದರು. ಶಿವಬಸವ್ವ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಆ ಮನೆಯಲ್ಲಿ ಅಜ್ಜನಿಗೆ ಎದುರು ಮಾತಾಡಿದವರು ಯಾರೂ ಇರಲಿಲ್ಲ. ದಾನವ್ವ ಒಲೆಯ ಮೇಲಿನ ಹಾಲನ್ನು ಮುಚ್ಚಳದ ತಂಬಿಗೆಗೆ ಸುರಿದುಕೊಂಡು, ಚಮಚ ಸೆರಗಿಗೆ ಕಟ್ಟಿಕೊಂಡು, ಅವರ ಮುಂದೆ ಬಂದು ನಿಂತಳು.

"ಏಳ್ರಿ, ಅಜ್ಜಾರ. ಬಸ್ಸಿಗೆ ಹೊತ್ತಾಗತೈತಿ."

ಅಜ್ಜಪ್ಪ ಎದ್ದರು.

ಬಸ್ಸಿನಲ್ಲಿ ಅವಳು ಅವರ ಪಕ್ಕದಲ್ಲೇ ಕೂತಳು. ಊರು ದಾಟುವಾಗ ಕೇಳಿದಳು, "ಅವರಿಗೆ ಏನಂತ ಹೇಳತೀರಿ, ಅಜ್ಜಾರ?" ಶಿಗ್ಗಾವಿಯಲ್ಲಿ ಬಸ್ಸು ನಿಂತಾಗ ಮತ್ತೆ ಕೇಳಿದಳು. "ಕುಡಿ ಅಂತ ಹೇಳತೀರಿಲ್ಲ?"

"ಹೆಂಗ ಹೇಳಲಿ, ತಂಗಿ?" ಅವರ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳು ಬಗ್ಗಿ ಕೇಳಬೇಕಾಯಿತು. "ಐದನೇ ದಿನ ನಮ್ಮಣ್ಣ ನನ್ನ ಕಡೆ ನೀರ ಬೇಡಿದ್ದ. ಯಾರೂ ಇರಲಿಲ್ಲ, ನಾನೊಬ್ಬಾವ ಇದ್ನಿ. ಬಾಯಿ ತಗದು ನನ್ನ ಮಾರಿ ನೋಡಿದ. ತಂಬಿಗಿ ನನ್ನ ಕೈಯಾಗ ಇತ್ತು. ನಾ ಹಾಕಲಿಲ್ಲ. ಹಾಕಬಾರದಂತ ಹಿರೇರು ಹೇಳಿದ್ರು. ಈಗ ಇವನಿಗೆ ಕುಡಿ ಅಂದ್ರ, ಅವತ್ತ ನಾ ಮಾಡಿದ್ದು ಏನಾತು?"

ದಾನವ್ವನಿಗೆ ಅವರ ಮೇಲೆ ಕನಿಕರ ಹುಟ್ಟಿತು, ಸಿಟ್ಟೂ ಹುಟ್ಟಿತು. ಎರಡರಲ್ಲಿ ಯಾವುದನ್ನು ಆಡಬೇಕೋ ತಿಳಿಯದೆ ತಂಬಿಗೆಯನ್ನು ಅವರ ತೊಡೆಯ ಮೇಲಿಟ್ಟಳು. "ಇದನ್ನ ಹಿಡೀರಿ," ಎಂದಳು. "ಚೆಲ್ಲಬ್ಯಾಡ್ರಿ." ಮುದುಕರು ಹುಬ್ಬಳ್ಳಿಯವರೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತರು.

ದವಾಖಾನೆಯ ಉದ್ದನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಗುದ್ಲೆಪ್ಪ ಮಲಗಿದ್ದ. ಕೊರಳ ಸುತ್ತ ನೀಲಿ ಬರೆ. ತುಟಿ ಒಡೆದು ಒಣಗಿತ್ತು. ಅಜ್ಜನನ್ನು ಕಂಡದ್ದೇ ಅವನ ಕಣ್ಣಲ್ಲಿ ನೀರು ತುಂಬಿತು. ಎಡಗೈಯಿಂದ ಬರಿಗೊರಳನ್ನು ಮುಚ್ಚಿಕೊಂಡ. ಕರಬಸಪ್ಪ ಕಾಲ ಬಳಿ ಕೂತಿದ್ದವನು ಎದ್ದು ನಿಂತ. ದಾನವ್ವ ಹಾಲಿನಲ್ಲಿ ಚಮಚ ಅದ್ದಿ ಗಂಡನ ತುಟಿಗೆ ಹಿಡಿದಳು. ಅವನು ಅಜ್ಜನನ್ನೇ ನೋಡುತ್ತ ಹಲ್ಲು ಕಚ್ಚಿದ. ಹಾಲು ಗದ್ದದಿಂದ ಇಳಿದು ದಿಂಬು ನೆನೆಯಿತು.

ಅಜ್ಜಪ್ಪ ಮಂಚದ ಹತ್ತಿರ ಬಂದರು. ಆಮೇಲೆ ರುಮಾಲು ತೆಗೆದು ಮಂಚದ ಮೇಲಿಟ್ಟರು. ಅಂಗಿಯ ಒಳಗೆ ಕೈ ಹಾಕಿ, ತಲೆಯ ಮೇಲಿಂದ ಶಿವದಾರ ತೆಗೆದು, ತಮ್ಮ ಲಿಂಗವನ್ನು ದಾನವ್ವನ ಅಂಗೈಯಲ್ಲಿಟ್ಟರು.

"ಹಿಡಕೋ," ಎಂದರು.

"ಅಪ್ಪಾ," ಎಂದ ಕರಬಸಪ್ಪ.

ಅವರು ಮಗನ ಕಡೆ ನೋಡಲಿಲ್ಲ. ತಂಬಿಗೆ ಎತ್ತಿ, ಮೊಮ್ಮಗನ ಕಣ್ಣ ಮುಂದೆ ಒಂದು ಗುಟುಕು ಹಾಲು ಕುಡಿದರು. ನುಂಗಲು ಕಷ್ಟವಾಯಿತು, ಕೆಮ್ಮಿದರು, ಕಣ್ಣು ಒರೆಸಿಕೊಂಡರು, ಇನ್ನೊಂದು ಗುಟುಕು ಕುಡಿದರು. ಆಮೇಲೆ ಚಮಚ ತುಂಬಿ ಗುದ್ಲೆಪ್ಪನ ತುಟಿಯ ಹತ್ತಿರ ಒಯ್ದರು.

ಗುದ್ಲೆಪ್ಪ ಅಜ್ಜನ ಬರಿಗೊರಳನ್ನು ನೋಡಿದ. ತನ್ನ ಕೊರಳ ಮೇಲಿನ ಕೈ ಸಡಿಲಿಸಿದ. ಅವನ ಬಾಯಿ ಸ್ವಲ್ಪವೇ ತೆರೆಯಿತು. ಅರ್ಧ ಹಾಲು ಹೊರಗೆ ಬಂತು, ಅರ್ಧ ಒಳಗೆ ಹೋಯಿತು.

ಅಜ್ಜಪ್ಪ ಇನ್ನೊಂದು ಚಮಚ ತುಂಬಿದರು.